ಪೂಜೆಗೆ ಬಾರದ ಊರು: ರಾಮೋನ್ ಸೆಂದೇರ್ ಅವರ ಬದುಕು, ಬರಹ



ಬೇರೆ ಭಾಷೆಯ ಒಬ್ಬ ಲೇಖಕರನ್ನು ಕುರಿತು ಮಾತನಾಡಬಹುದು ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಹೆಸರು ಸ್ಪೇನಿನ ಕಾದಂಬರಿಕಾರ ರಾಮೋನ್ ಸೆಂದೇರ್ ಅವರದು. ಸ್ಪೇನಿನ ಅಂತರ್ಯುದ್ಧ ಎಂದರೆ ನಮ್ಮ ಓದುಗರಿಗೆ ಕೂಡಲೇ ನೆನಪಾಗುವವರು ಕವಿ ಲೋರ್ಕಾ. ಆಮೇಲೆ ಹೆಮಿಂಗ್‌ವೇ, ಆರ್ವೆಲ್. ಲೋರ್ಕಾ ಯುದ್ಧ ಶುರುವಾದ ಒಂದೇ ತಿಂಗಳಲ್ಲಿ ಕೊಲೆಯಾದರು. ಹೆಮಿಂಗ್‌ವೇ, ಆರ್ವೆಲ್ ಹೊರಗಿನಿಂದ ಬಂದು, ಕಂಡು, ಹೊರಟುಹೋದರು. ಸೆಂದೇರ್ ಅಲ್ಲಿಯ ಮಣ್ಣಿನವರೇ. ಅವರ ಹೆಂಡತಿಯನ್ನು ಕೊಂದರು, ಅಣ್ಣತಮ್ಮಂದಿರಲ್ಲಿ ಒಬ್ಬರನ್ನು ಕೊಂದರು. ಅವರು ಬದುಕಿ ಉಳಿದರು. ಉಳಿದ ನಲವತ್ತೈದು ವರ್ಷ ಬರೆಯುತ್ತಲೇ ಇದ್ದರು.

ಅವರ ಅಪಾರ ಬರಹದಲ್ಲಿ ನೂರು ಪುಟದ ಒಂದು ಪುಟ್ಟ ಕಾದಂಬರಿಯಿದೆ. ಅದು ಚರ್ಚಿನ ಮೇಲಿನ, ಜಮೀನ್ದಾರರ ಮೇಲಿನ ಆಪಾದನೆ ಎಂದು ಸಾಮಾನ್ಯವಾಗಿ ಓದಲಾಗುತ್ತದೆ. ಆಪಾದನೆ ಅದರಲ್ಲಿ ಇದೆ. ಆದರೆ ಅದರ ಒಳಗೆ ಇನ್ನೊಂದು ದನಿ ಇದೆ, ಅದು ಬರೆದವರ ಸ್ವಂತ ಪಶ್ಚಾತ್ತಾಪದ್ದು ಎಂದು ನಾನು ನಂಬಿದ್ದೇನೆ. ಅದನ್ನು ನಿಮ್ಮ ಮುಂದೆ ಬಿಡಿಸಿಡುವುದೇ ಇವತ್ತಿನ ನನ್ನ ಕೆಲಸ. ಅಲ್ಲಿಗೆ ಹೋಗುವ ಮುಂಚೆ ಅವರ ಬದುಕಿನ ದಾರಿಯಲ್ಲಿ ಸ್ವಲ್ಪ ದೂರ ನಡೆಯಬೇಕು.

ಸೆಂದೇರ್ ಹುಟ್ಟಿದ್ದು 1901ರ ಫೆಬ್ರುವರಿ 3ರಂದು, ಸ್ಪೇನಿನ ಈಶಾನ್ಯದ ಅರಗೋನ್ ಸೀಮೆಯಲ್ಲಿ, ವೆಸ್ಕಾ ಪ್ರಾಂತಕ್ಕೆ ಸೇರಿದ ಚಲಮೇರಾ ಎಂಬ ಸಣ್ಣ ಹಳ್ಳಿಯಲ್ಲಿ. ಸಿಂಕಾ ನದಿಯ ದಂಡೆಯ ಸೀಮೆ ಅದು. ತಂದೆ ಊರಾಡಳಿತದ ಕಾರ್ಯದರ್ಶಿ, ತಾಯಿ ಶಾಲೆಯ ಶಿಕ್ಷಕಿ. ತಂದೆಯ ಕೆಲಸದ ಬೆನ್ನಿಗೇ ಸಂಸಾರ ಅಲ್ಕೊಲೇಯಾ, ತಾವ್ಸ್ತೆ, ಸರಗೋಸಾ ಎಂದು ಊರೂರು ತಿರುಗಿತು. ತಂದೆ ಬಹಳ ಕಟ್ಟುನಿಟ್ಟಿನವರು. ಮಗನಿಗೂ ಅವರಿಗೂ ಕೊನೆಯವರೆಗೂ ಹೊಂದಿಕೆಯಾಗಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲೇ ಹುಡುಗ ಮ್ಯಾಡ್ರಿಡ್‌ಗೆ ಓಡಿಹೋಗಿ ಉದ್ಯಾನದ ಬೆಂಚಿನ ಮೇಲೆ ಮಲಗಿ ರಾತ್ರಿ ಕಳೆದದ್ದೂ ಉಂಟು. ಮರಳಿ ವೆಸ್ಕಾಕ್ಕೆ ಬಂದು ರೈತ ಸಂಘದ ಪತ್ರಿಕೆ ‘ಲಾ ತಿಯೆರ್ರಾ’ದಲ್ಲಿ ಕೆಲಸಕ್ಕೆ ನಿಂತರು. ಗೋಧಿಯ ಬೆಲೆ, ನೀರಿನ ತಗಾದೆ, ಗೇಣಿ, ಸಾಲ – ಇಂಥ ವಿಷಯಗಳನ್ನು ಬರೆಯುತ್ತ ಅವರ ಕೈ ಪಳಗಿತು. ಮುಂದೆ ಅವರ ಕಾದಂಬರಿಗಳಲ್ಲಿ ಒಂದು ಹೊಲ ಯಾರದು, ಅದರ ಗೇಣಿ ಯಾರಿಗೆ ಹೋಗುತ್ತದೆ ಎಂಬುದು ಎಂದೂ ಮಸುಕಾಗಿ ಉಳಿಯುವುದಿಲ್ಲ. ಅದಕ್ಕೆ ಕಾರಣ ಈ ಪತ್ರಿಕೆಯ ವರ್ಷಗಳು.

1922ರಲ್ಲಿ ಕಡ್ಡಾಯ ಸೈನ್ಯಸೇವೆಗೆ ಅವರನ್ನು ಮೊರಾಕ್ಕೊಗೆ ಕಳಿಸಿದರು. ಅದಕ್ಕೆ ಒಂದು ವರ್ಷ ಹಿಂದೆ, 1921ರ ಜುಲೈಯಲ್ಲಿ, ಆನ್ವಾಲ್ ಎಂಬಲ್ಲಿ ರಿಫ್ ಬೆಟ್ಟದ ಜನ ಸ್ಪೇನಿನ ಸೇನೆಯನ್ನು ಧೂಳೀಪಟ ಮಾಡಿದ್ದರು. ಕೆಲವೇ ವಾರಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಸತ್ತವರು ಹೆಚ್ಚಾಗಿ ಬಡ ರೈತರ ಮಕ್ಕಳು, ಏಕೆಂದರೆ ಹಣವುಳ್ಳವರು ಹಣ ಕಟ್ಟಿ ಸೇವೆಯ ಭಾರ ಇಳಿಸಿಕೊಳ್ಳುವ ಏರ್ಪಾಡು ಆಗ ಇತ್ತು. ಈ ಅನುಭವದಿಂದ 1930ರಲ್ಲಿ ಬಂದದ್ದು ಅವರ ಮೊದಲ ಕಾದಂಬರಿ ‘ಇಮಾನ್’, ಅಂದರೆ ಅಯಸ್ಕಾಂತ. ಅದರ ನಾಯಕ ವಿಯಾನ್ಸೆ ಕಮ್ಮಾರಿಕೆ ಬಲ್ಲವನು. ಕಷ್ಟಗಳು ಎಲ್ಲಿದ್ದರೂ ಬಂದು ಅವನಿಗೇ ಅಂಟಿಕೊಳ್ಳುತ್ತವೆ. ಸೋಲಿನ ದಿನ ಅವನು ಹೆಣಗಳ ನಡುವೆ ತೆವಳುತ್ತ ಪ್ರಾಣ ಉಳಿಸಿಕೊಳ್ಳುವ ಪುಟಗಳನ್ನು ಓದಲು ಗಟ್ಟಿ ಎದೆ ಬೇಕು. ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಅದರ ಕೊನೆಯ ಭಾಗ. ಸೇವೆ ಮುಗಿಸಿ ವಿಯಾನ್ಸೆ ಊರಿಗೆ ಬರುತ್ತಾನೆ; ಊರು ಇಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ಯಾವ ನಾಡಿಗಾಗಿ ಹೋರಾಡು ಎಂದು ಕಳಿಸಿದ್ದರೋ ಆ ನಾಡಿನಲ್ಲಿ ಅವನ ಪಾಲಿಗೆ ನಿಲ್ಲಲು ಒಂದು ಅಂಗಳವೂ ಉಳಿದಿಲ್ಲ. ಅಣೆಕಟ್ಟುಗಳ ಹಿನ್ನೀರು ಕಂಡ ಮಲೆನಾಡಿನವರಿಗೆ ಈ ಭಾಗವನ್ನು ನಾನು ವಿವರಿಸಬೇಕಾಗಿಲ್ಲ.

ಮೊರಾಕ್ಕೊದಿಂದ ಬಂದ ಮೇಲೆ ಮ್ಯಾಡ್ರಿಡ್‌ನ ‘ಎಲ್ ಸೋಲ್’ ಪತ್ರಿಕೆಯಲ್ಲಿ ಕೆಲಸ. ಆಗ ಸ್ಪೇನ್ ಪ್ರೀಮೊ ದೆ ರಿವೇರಾ ಎಂಬ ಸೇನಾನಿಯ ಸರ್ವಾಧಿಕಾರದಲ್ಲಿತ್ತು. ಅದರ ವಿರುದ್ಧದ ಸಂಚಿನಲ್ಲಿದ್ದರೆಂದು ಸೆಂದೇರ್ ಜೈಲಿಗೂ ಹೋದರು. ಪತ್ರಕರ್ತನ ವೃತ್ತಿ ಅವರಿಗೆ ಕೊಟ್ಟ ಎರಡು ಪ್ರಸಂಗಗಳನ್ನು ಹೇಳದೆ ಮುಂದೆ ಹೋಗಲಾರೆ.

ಮೊದಲನೆಯದು ಕ್ವೆಂಕಾ ಪ್ರಾಂತದ ಓಸಾ ದೆ ಲಾ ವೇಗಾ ಎಂಬ ಹಳ್ಳಿಯದು. 1910ರಲ್ಲಿ ಅಲ್ಲಿ ಒಬ್ಬ ಕುರುಬ ಕಾಣೆಯಾದ. ಇಬ್ಬರನ್ನು ಹಿಡಿದರು. ಪೊಲೀಸರ ಚಿತ್ರಹಿಂಸೆ ತಾಳಲಾರದೆ ಅವರು ತಾವೇ ಕೊಂದೆವು ಎಂದು ಒಪ್ಪಿಕೊಂಡು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತರು. 1926ರಲ್ಲಿ ಆ ಕುರುಬ ಜೀವಂತ ಸಿಕ್ಕ. ಸೆಂದೇರ್ ಆ ಊರಿಗೆ ಹೋಗಿ ವರದಿ ಮಾಡಿದರು. ಮುಂದೆ 1939ರಲ್ಲಿ ಅದೇ ವಸ್ತುವಿನ ಮೇಲೆ ‘ಎಲ್ ಲುಗಾರ್ ದೆ ಉನ್ ಓಂಬ್ರೆ’ – ‘ಒಬ್ಬ ಮನುಷ್ಯನ ಜಾಗ’ – ಬರೆದರು. ಯಾರೂ ಲೆಕ್ಕಕ್ಕಿಡದ ಒಬ್ಬ ಬಡವ ಇದ್ದ ಜಾಗ ಖಾಲಿಯಾದರೆ ಇಡೀ ಊರಿನ ಸಮತೋಲ ತಪ್ಪುತ್ತದೆ ಎಂಬುದು ಆ ಕಾದಂಬರಿಯ ಜೀವ. ಅವರ ಎಲ್ಲ ಬರಹಕ್ಕೂ ಇದೇ ತಳಹದಿ ಎಂದರೆ ತಪ್ಪಾಗಲಾರದು.

ಎರಡನೆಯದು ಕಾಸಾಸ್ ವಿಯೇಹಾಸ್. 1931ರ ಏಪ್ರಿಲ್‌ನಲ್ಲಿ ದೊರೆ ಅಲ್ಫೊನ್ಸೊ ದೇಶಬಿಟ್ಟು ಹೋಗಿ ಸ್ಪೇನ್ ಗಣರಾಜ್ಯವಾಯಿತು. ಭೂಸುಧಾರಣೆಯ ಮಾತು ಬಂತು, ಆದರೆ ಭೂಮಿ ಬರಲಿಲ್ಲ. 1933ರ ಜನವರಿಯಲ್ಲಿ ಕಾದೀಸ್ ಪ್ರಾಂತದ ಈ ಹಳ್ಳಿಯ ಕೂಲಿಗಳು ದಂಗೆಯೆದ್ದರು. ಗಣರಾಜ್ಯದ್ದೇ ಪೊಲೀಸ್ ಪಡೆ ಬಂದು ಒಬ್ಬ ಮುದುಕನ ಗುಡಿಸಲಿಗೆ, ಒಳಗೆ ಜನರಿದ್ದಂತೆಯೇ, ಬೆಂಕಿಯಿಟ್ಟಿತು. ಆಮೇಲೆ ಹಿಡಿದು ತಂದವರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸೆಂದೇರ್ ಅಲ್ಲಿಗೆ ಧಾವಿಸಿ ‘ಲಾ ಲಿಬೆರ್ತಾದ್’ ಪತ್ರಿಕೆಗೆ ಸರಣಿ ಬರಹ ಕಳಿಸಿದರು. 1934ರಲ್ಲಿ ಅದು ಪುಸ್ತಕವಾಯಿತು. ತಾನು ಬಯಸಿ ತಂದುಕೊಂಡ ಸರ್ಕಾರದ ಕೈಯಲ್ಲೇ ರಕ್ತವಿದೆ ಎಂದು ಬರೆಯುವ ಎದೆಗಾರಿಕೆ ಅವರಿಗಿತ್ತು. ರಾಜಕೀಯದಲ್ಲಿ ಅವರು ಒಂದೇ ಕಡೆ ನಿಂತವರಲ್ಲ. ಅರಾಜಕತಾವಾದಿಗಳ ಜೊತೆ ಬೆಳೆದರು, ಆಮೇಲೆ ಕಮ್ಯುನಿಸ್ಟರ ಹತ್ತಿರ ಬಂದರು, ಮಾಸ್ಕೋ ನೋಡಿ ಬಂದರು, ಕೊನೆಗೆ ಕಮ್ಯುನಿಸ್ಟರ ಕಡು ವಿರೋಧಿಯಾದರು. ಆದರೆ ಗೇಣಿದಾರನ, ಕೂಲಿಯವನ ಪಕ್ಷವನ್ನು ಮಾತ್ರ ಅವರು ಎಂದೂ ಬಿಡಲಿಲ್ಲ. 1935ರ ರಾಷ್ಟ್ರೀಯ ಸಾಹಿತ್ಯ ಪ್ರಶಸ್ತಿಯೂ ಅವರಿಗೆ ಬಂತು. ಮೂವತ್ತೈದರ ಹರೆಯ, ಹೆಸರಿತ್ತು, ಹೆಂಡತಿಯಿದ್ದಳು, ಎರಡು ಪುಟ್ಟ ಮಕ್ಕಳಿದ್ದವು.

ಹೆಂಡತಿಯ ಹೆಸರು ಅಂಪಾರೊ ಬಾರಾಯೋನ್. ಪಶ್ಚಿಮದ ಸಮೋರಾ ಪಟ್ಟಣದವರು. ಪಿಯಾನೊ ನುಡಿಸುತ್ತಿದ್ದರು, ಮ್ಯಾಡ್ರಿಡ್‌ಗೆ ಬಂದು ದೂರವಾಣಿ ಕಂಪನಿಯಲ್ಲಿ ದುಡಿಯುತ್ತ ಸ್ವತಂತ್ರವಾಗಿ ಬದುಕಿದ ಹೆಣ್ಣುಮಗಳು. 1936ರ ಜುಲೈಯಲ್ಲಿ ಸಂಸಾರವೆಲ್ಲ ಗ್ವಾದರ್ರಾಮಾ ಬೆಟ್ಟದ ತಪ್ಪಲಿನ ಸಾನ್ ರಫಾಯೆಲ್ ಎಂಬಲ್ಲಿ ಬೇಸಿಗೆ ಕಳೆಯುತ್ತಿತ್ತು. ಮಗ ರಾಮೋನ್‌ಗೆ ಎರಡು ವರ್ಷವೂ ತುಂಬಿರಲಿಲ್ಲ, ಮಗಳು ಆಂದ್ರೆಯಾ ಇನ್ನೂ ಎದೆಹಾಲಿನ ಕೂಸು. ಜುಲೈ 17-18ರಂದು ಸೇನೆಯ ದಂಗೆ ಶುರುವಾಯಿತು. ಬಂಡಾಯದ ಪಡೆಗಳು ಆ ದಾರಿಯಾಗಿಯೇ ಮ್ಯಾಡ್ರಿಡ್ ಕಡೆ ನುಗ್ಗುತ್ತಿದ್ದವು. ಸೆಂದೇರ್ ಸಿಕ್ಕರೆ ಉಳಿಯುವುದು ಸಾಧ್ಯವಿರಲಿಲ್ಲ. ಅವರು ಬೆಟ್ಟ ಹತ್ತಿ ದಾಟಿ ಗಣರಾಜ್ಯದ ಪಡೆಗಳನ್ನು ಸೇರಿಕೊಂಡರು. ಹೆಂಡತಿ, ಮಕ್ಕಳು ತವರಿಗೆ ಹೋಗುವುದು ಕ್ಷೇಮ ಎಂದು ತೀರ್ಮಾನವಾಯಿತು. ಮಕ್ಕಳಿರುವ ಹೆಂಗಸನ್ನು ಅವಳದೇ ಊರಿನಲ್ಲಿ, ಅವಳ ಅಣ್ಣತಮ್ಮಂದಿರ ನಡುವೆ, ಯಾರು ಏನು ಮಾಡಿಯಾರು?

ಸಮೋರಾದಲ್ಲಿ ಯುದ್ಧವೇ ನಡೆಯಲಿಲ್ಲ. ಮೊದಲ ದಿನಗಳಲ್ಲೇ ಆ ಪಟ್ಟಣ ಬಂಡಾಯಗಾರರ ವಶವಾಗಿತ್ತು. ಅಲ್ಲಿ ನಡೆದದ್ದು ಬರಿಯ ಕೊಲೆ. ಮನೆಗಳಿಂದ ಎಳೆದುಕೊಂಡು ಹೋಗಿ, ಜೈಲುಗಳಿಂದ ಹೊರತೆಗೆದು, ರಾತ್ರಿ ಹೊತ್ತು ಸ್ಮಶಾನದ ಗೋಡೆಯ ಬಳಿ ಕೊಲ್ಲುವುದು. ಅಂಪಾರೊ ಅವರ ಇಬ್ಬರು ಸಹೋದರರನ್ನು ಕೊಂದರು. ಅಂಪಾರೊ ಅವರನ್ನು ಕೂಸಿನ ಸಮೇತ ಸೆರೆಮನೆಗೆ ಹಾಕಿದರು. ಅಕ್ಟೋಬರ್‌ನಲ್ಲಿ ಕೂಸನ್ನು ತಾಯಿಯಿಂದ ಕಿತ್ತುಕೊಂಡರು, ತಾಯಿಯನ್ನು ಸ್ಮಶಾನಕ್ಕೆ ಒಯ್ದು ಗುಂಡಿಟ್ಟು ಕೊಂದರು. ಅತ್ತ ವೆಸ್ಕಾದಲ್ಲಿ ಆಗಸ್ಟ್‌ನಲ್ಲೇ ಸೆಂದೇರ್ ಅವರ ಸಹೋದರ ಮಾನುಯೆಲ್ ಅವರನ್ನು ಕೊಂದಾಗಿತ್ತು. ಮಾನುಯೆಲ್ ಆ ನಗರದ ಮೇಯರ್ ಆಗಿದ್ದವರು. ಇತಿಹಾಸಕಾರ ಪಾಲ್ ಪ್ರೆಸ್ಟನ್ ಅವರ ಅಂದಾಜಿನಂತೆ ಆ ಯುದ್ಧದಲ್ಲಿ ರಣರಂಗದಿಂದ ದೂರ, ಹೀಗೆ ವಿಚಾರಣೆಯಿಲ್ಲದೆ ಅಥವಾ ನೆಪಮಾತ್ರದ ವಿಚಾರಣೆಯಿಂದ ಕೊಲೆಯಾದವರು ಸುಮಾರು 2,00,000 ಜನ. ಎರಡೂ ಪಕ್ಷದವರೂ ಕೊಂದರು. ಬಂಡಾಯದ ಪಕ್ಷ ಬಹಳ ಹೆಚ್ಚು ಜನರನ್ನು ಕೊಂದಿತು.

ಹೆಂಡತಿಯ ಸಾವಿನ ಸುದ್ದಿ ತಲುಪಿದಾಗ ಸೆಂದೇರ್ ಗಣರಾಜ್ಯದ ಸೈನ್ಯದಲ್ಲಿದ್ದರು. ರೆಡ್ ಕ್ರಾಸ್ ನೆರವಿನಿಂದ ಮಕ್ಕಳಿಬ್ಬರನ್ನೂ ಫ್ರಾನ್ಸಿನ ಬಯೋನ್‌ನಲ್ಲಿ ತಮ್ಮ ಕೈಗೆ ಪಡೆದರು. 1939ರಲ್ಲಿ ಯುದ್ಧ ಸೋತ ಮೇಲೆ ಹಡಗು ಹತ್ತಿ ಅಮೆರಿಕದ ಕಡೆಗೆ. ಮಕ್ಕಳನ್ನು ನ್ಯೂಯಾರ್ಕ್‌ನಲ್ಲಿ ಜೂಲಿಯಾ ಡೇವಿಸ್ ಎಂಬ ಲೇಖಕಿಯ ಆರೈಕೆಗೆ ಒಪ್ಪಿಸಿ ತಾವು ಮೆಕ್ಸಿಕೊಗೆ ಹೋದರು. 1942ರಲ್ಲಿ ಗುಗನ್‌ಹೈಮ್ ಫೆಲೋಶಿಪ್ ಸಿಕ್ಕಿ ಮತ್ತೆ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಬಂದರು. 1947ರಿಂದ 1963ರವರೆಗೆ ಆಲ್ಬುಕರ್ಕಿಯ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮಕ್ಕಳು ಬೇರೆ ಮನೆಯಲ್ಲಿ, ಬೇರೆ ಭಾಷೆಯಲ್ಲಿ ಬೆಳೆದರು.

ಈಗ ಆ ಪುಟ್ಟ ಕಾದಂಬರಿಗೆ ಬರುತ್ತೇನೆ. 1953ರಲ್ಲಿ ಮೆಕ್ಸಿಕೊದಲ್ಲಿ ಅದು ‘ಮೊಸೆನ್ ಮಿಲ್ಯಾನ್’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಅರಗೋನ್ ಕಡೆ ಪಾದ್ರಿಗಳನ್ನು ಗೌರವದಿಂದ ‘ಮೊಸೆನ್’ ಎಂದು ಕರೆಯುತ್ತಾರೆ. 1960ರಲ್ಲಿ ನ್ಯೂಯಾರ್ಕ್‌ನಲ್ಲಿ ಮತ್ತೆ ಬಂದಾಗ ಹೆಸರು ಬದಲಾಗಿ ‘ರೆಕ್ವಿಯೆಮ್ ಪೋರ್ ಉನ್ ಕಾಂಪೆಸಿನೊ ಎಸ್ಪಾನ್ಯೋಲ್’ ಆಯಿತು. ಸ್ಪೇನಿನ ಒಬ್ಬ ರೈತನ ಆತ್ಮಶಾಂತಿಗಾಗಿ ಮಾಡುವ ಪೂಜೆ ಎಂದರ್ಥ. ಮೊದಲ ಹೆಸರಿನಲ್ಲಿ ಪಾದ್ರಿಯಿದ್ದ, ಎರಡನೆಯದರಲ್ಲಿ ಸತ್ತವನಿದ್ದಾನೆ. ಆದರೆ ಒಳಗಿನ ಕಥೆ ನಡೆಯುವುದು ಪೂರ್ತಿ ಪಾದ್ರಿಯ ತಲೆಯೊಳಗೆ.

ಮುದಿ ಪಾದ್ರಿ ಮಿಲ್ಯಾನ್ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಪೂಜೆಯ ಉಡುಪು ತೊಟ್ಟು ಕುರ್ಚಿಯಲ್ಲಿ ಕೂತಿದ್ದಾನೆ. ಎಷ್ಟೋ ವರ್ಷ ಅದೇ ಗೋಡೆಗೆ ತಲೆಯಾನಿಸಿ ಅಲ್ಲೊಂದು ಕಪ್ಪು ಕಲೆಯೇ ಆಗಿದೆ. ಪಾಕೊ ಎಂಬ ಯುವಕ ಕೊಲೆಯಾಗಿ ಒಂದು ವರ್ಷ, ಅವನಿಗಾಗಿ ಪೂಜೆ. ಗಂಟೆ ಬಾರಿಸಿದೆ. ಜನ ಬರಲಿ ಎಂದು ಪಾದ್ರಿ ಕಾಯುತ್ತಾನೆ. ಪೂಜೆಗೆ ನೆರವಾಗುವ ಹುಡುಗ ಹೊರಗೂ ಒಳಗೂ ಓಡಾಡುತ್ತ, ಪಾಕೊನ ಸಾವಿನ ಮೇಲೆ ಊರ ಜನ ಕಟ್ಟಿದ ಲಾವಣಿಯನ್ನು ಗುನುಗುತ್ತಾನೆ. ಪ್ರತಿ ಸಲ ಪಾದ್ರಿ ಕೇಳುತ್ತಾನೆ, ಯಾರಾದರೂ ಬಂದರೇ ಎಂದು. ಇಲ್ಲ. ಕೊನೆಗೆ ಬರುವವರು ಮೂವರು: ದೊನ್ ವಲೆರಿಯಾನೊ, ದೊನ್ ಗುಮೆರ್ಸಿಂದೊ, ಸೆನ್ಯೋರ್ ಕಾಸ್ತುಲೊ. ಊರಿನ ಸಿರಿವಂತರು, ಪಾಕೊನ ಶತ್ರುಗಳು, ಅವನ ಸಾವಿಗೆ ದಾರಿ ಮಾಡಿದವರು. ಪೂಜೆಯ ಖರ್ಚು ತಾನು ಕೊಡುತ್ತೇನೆ ಎಂದು ಒಬ್ಬೊಬ್ಬನೂ ಮುಂದೆ ಬರುತ್ತಾನೆ. ಪಾದ್ರಿ ಒಪ್ಪುವುದಿಲ್ಲ. ಅಷ್ಟರಲ್ಲಿ ಪಾಕೊನ ಹೇಸರಗತ್ತೆ ಇಗರ್ಜಿಯೊಳಗೆ ನುಗ್ಗಿ ಓಡಾಡುತ್ತದೆ. ಎಲ್ಲರೂ ಸೇರಿ ಅದನ್ನು ಹೊರಗಟ್ಟುತ್ತಾರೆ. ಊರಿನ ಬೇರೆ ಯಾರೂ ಬರುವುದಿಲ್ಲ. ಹೊರಗಿನ ಕಥೆ ಇಷ್ಟೇ. ಉಳಿದದ್ದೆಲ್ಲ ಈ ಅರ್ಧ ಗಂಟೆಯಲ್ಲಿ ಪಾದ್ರಿಗೆ ಬರುವ ನೆನಪು.

ಆ ನೆನಪು ಶುರುವಾಗುವುದು ಪಾಕೊನ ದೀಕ್ಷಾಸ್ನಾನದ ದಿನದಿಂದ. ಪಾದ್ರಿಯೇ ಅವನಿಗೆ ಹೆಸರಿಟ್ಟವನು. ಹುಡುಗ ಪೂಜೆಗೆ ನೆರವಾಗಲು ಬಂದ, ಪಾದ್ರಿಯನ್ನು ಅಜ್ಜನಂತೆ ಹಚ್ಚಿಕೊಂಡ. ಒಂದು ದಿನ ಊರಾಚೆ ಗುಹೆಗಳಲ್ಲಿ ಬದುಕುವ ಕಡುಬಡವರೊಬ್ಬರಿಗೆ ಅಂತಿಮ ಅಭ್ಯಂಗ ಕೊಡಲು ಪಾದ್ರಿ ಹೋದಾಗ ಹುಡುಗನೂ ಜೊತೆಗೆ ಹೋಗುತ್ತಾನೆ. ಬರಿಯ ಹಲಗೆಯ ಮೇಲೆ ಮಲಗಿದ ಮನುಷ್ಯ. ಬೆಂಕಿಯಿಲ್ಲ, ನೀರಿಲ್ಲ. ಹಿಂದಿರುಗುವಾಗ ಹುಡುಗ ಕೇಳುತ್ತ ಹೋಗುತ್ತಾನೆ. ಅವರಿಗೆ ಯಾಕೆ ಹೀಗೆ, ಅಕ್ಕಪಕ್ಕದವರು ಯಾಕೆ ಬರಲಿಲ್ಲ, ನಾವು ಹೋಗಿ ಎಲ್ಲರಿಗೂ ಹೇಳಬಾರದೇ ಎಂದು. ಪಾದ್ರಿಯ ಹತ್ತಿರ ಉತ್ತರವಿಲ್ಲ. ಇನ್ನೂ ಕಷ್ಟದಲ್ಲಿರುವವರು ಇದ್ದಾರೆ ಎಂಬಂಥ ಮಾತಿನಿಂದ ಬಾಯಿ ಮುಚ್ಚಿಸಲು ನೋಡುತ್ತಾನೆ. ಈ ಪ್ರಸಂಗ ತಮ್ಮದೇ ಬಾಲ್ಯದ್ದು ಎಂದು ಸೆಂದೇರ್ ಹೇಳಿದ್ದುಂಟು.

ಪಾಕೊ ದೊಡ್ಡವನಾಗಿ ಮದುವೆಯಾಗುತ್ತಾನೆ. ಗಣರಾಜ್ಯ ಬಂದಾಗ ಊರಿನ ಆಡಳಿತಕ್ಕೆ ಆರಿಸಿ ಬರುತ್ತಾನೆ. ಎಲ್ಲೋ ದೂರದಲ್ಲಿರುವ ಡ್ಯೂಕ್ ಒಬ್ಬನಿಗೆ ಹುಲ್ಲುಗಾವಲಿನ ಗೇಣಿ ಕೊಡುವುದನ್ನು ನಿಲ್ಲಿಸುತ್ತಾನೆ. ಗುಹೆಯವರ ಬವಣೆಗೆ ಏನಾದರೂ ಮಾಡಬೇಕೆಂಬುದು ಅವನ ತಲೆಯಲ್ಲಿ ಉಳಿದೇ ಇರುತ್ತದೆ. ಆಮೇಲೆ ಒಂದು ಜುಲೈಯಲ್ಲಿ ಊರಿಗೆ ಹೊರಗಿನಿಂದ ಒಂದಷ್ಟು ಯುವಕರು ಕೋಲು, ಪಿಸ್ತೂಲು ಹಿಡಿದು ಬರುತ್ತಾರೆ. ಒಳ್ಳೆಯ ಬಟ್ಟೆ ತೊಟ್ಟವರು, ಗುರುತು ಪರಿಚಯವಿಲ್ಲದವರು. ಕೊಲೆಗಳು ಶುರುವಾಗುತ್ತವೆ. ಮೊದಲು ಸತ್ತವರಲ್ಲಿ ಹೆಚ್ಚಿನವರು ಗುಹೆಗಳ ಜನ. ಬಿಸಿಲು ಕಾಯಿಸುತ್ತ ಹರಟೆ ಹೊಡೆಯುವ ಹೆಂಗಸರ ಜಾಗದ ಮೇಲೂ ಗುಂಡು ಹಾರಿಸುತ್ತಾರೆ. ಪಾಕೊ ತಲೆಮರೆಸಿಕೊಳ್ಳುತ್ತಾನೆ.

ಕಾದಂಬರಿಯ ಬೆನ್ನೆಲುಬು ಇಲ್ಲಿದೆ. ಪಾಕೊ ಎಲ್ಲಿದ್ದಾನೆ ಎಂಬುದು ಅವನ ತಂದೆಗೆ ಮಾತ್ರ ಗೊತ್ತು. ಪಾದ್ರಿ ಆ ಮುದುಕನ ಮನೆಗೆ ಹೋಗುತ್ತಾನೆ. ತನಗೂ ಗೊತ್ತಿದೆ ಎಂಬಂತೆ ನಡೆದುಕೊಳ್ಳುತ್ತಾನೆ. ತಂದೆ ಜಾಗದ ಹೆಸರು ಬಾಯಿಬಿಡುತ್ತಾನೆ. ಪಾದ್ರಿಗೆ ಆಗ ಆ ರಹಸ್ಯ ಹೊರಲಾರದ ಹೊರೆ. ಬಂದೂಕಿನವರ ಮುಖಂಡ ಕರೆಸಿ, ಮೇಜಿನ ಮೇಲೆ ಪಿಸ್ತೂಲಿಟ್ಟು ಕೇಳಿದಾಗ, ಪಾಕೊನನ್ನು ಕೊಲ್ಲುವುದಿಲ್ಲ, ವಿಚಾರಣೆ ನಡೆಸುತ್ತೇವೆ ಎಂಬ ಮಾತು ಪಡೆದು, ಪಾದ್ರಿ ಹೇಳಿಬಿಡುತ್ತಾನೆ. ಅಷ್ಟೇ ಅಲ್ಲ, ತಾನೇ ಅಲ್ಲಿಗೆ ಹೋಗಿ, ಬಂದೂಕು ಹಿಡಿದು ನಿಂತ ಪಾಕೊನನ್ನು ಒಲಿಸಿ ಶರಣಾಗುವಂತೆ ಮಾಡುತ್ತಾನೆ. ಪಾಕೊ ಆಯುಧ ಬಿಸಾಡಿ ಹೊರಗೆ ಬರುತ್ತಾನೆ, ಯಾಕೆಂದರೆ ಕರೆದವನು ತನಗೆ ಹೆಸರಿಟ್ಟವನು. ಅದೇ ರಾತ್ರಿ ಇನ್ನಿಬ್ಬರ ಜೊತೆ ಅವನನ್ನು ಸ್ಮಶಾನದ ಗೋಡೆಗೆ ನಿಲ್ಲಿಸುತ್ತಾರೆ. ಪಾಪನಿವೇದನೆ ಕೇಳಲು ಪಾದ್ರಿಯನ್ನೇ ಕರೆತರುತ್ತಾರೆ. ಕಾಸ್ತುಲೊನ ಮೋಟಾರು ಕಾರಿನಲ್ಲಿ ಕೂತು ಪಾದ್ರಿ ಒಬ್ಬೊಬ್ಬರ ನಿವೇದನೆ ಕೇಳುತ್ತಾನೆ. ಪಾಕೊನ ಮದುವೆಯ ದಿನ ಹೊಸ ಜೋಡಿಯನ್ನು ರೈಲು ನಿಲ್ದಾಣಕ್ಕೆ ಬಿಟ್ಟುಬಂದದ್ದು ಅದೇ ಕಾರು. ಪಾಕೊನ ಗಡಿಯಾರ, ಕರವಸ್ತ್ರ ಪಾದ್ರಿಯ ಬಳಿ ಉಳಿಯುತ್ತವೆ. ಒಂದು ವರ್ಷವಾದರೂ ಅವನ್ನು ಪಾಕೊನ ಮನೆಯವರಿಗೆ ಒಯ್ದು ಕೊಡಲು ಅವನಿಗೆ ಧೈರ್ಯ ಬಂದಿಲ್ಲ.

ಈಗ ನನ್ನ ವಾದ. ಕಾದಂಬರಿಯ ಊರು ನೆರೆಯ ಲೇರಿದಾ ಪ್ರಾಂತದ ಗಡಿಗೆ ಹತ್ತಿರ ಎಂದು ಸೆಂದೇರ್ ಹೇಳುತ್ತಾರೆ. ಅಂದರೆ ಅವರು ಹುಟ್ಟಿ ಬೆಳೆದ ಸಿಂಕಾ ನದಿಯ ಸೀಮೆ. ಅಲ್ಲಿನ ಗುಹೆ, ಬಿಸಿಲುಕಟ್ಟೆ, ಗಂಟೆ, ಪಾದ್ರಿಯ ಬಿರುದು – ಎಲ್ಲ ಆ ಸೀಮೆಯದೇ. ಆದರೆ 1936ರ ಬೇಸಿಗೆಯಲ್ಲಿ ಆ ಸೀಮೆಯಲ್ಲಿ ನಡೆದದ್ದು ಇದಲ್ಲ. ಅರಗೋನಿನ ಪೂರ್ವಭಾಗ ಗಣರಾಜ್ಯದ ಕೈಯಲ್ಲಿ, ಹೆಚ್ಚಾಗಿ ಅರಾಜಕತಾವಾದಿಗಳ ಕೈಯಲ್ಲಿತ್ತು. ಅಲ್ಕೊಲೇಯಾದಂಥ ಊರುಗಳಲ್ಲಿ ಭೂಮಿಯನ್ನು ಸಾಮೂಹಿಕ ಬೇಸಾಯಕ್ಕೆ ತಂದರು. 1938ರ ವಸಂತದವರೆಗೆ ಬಂಡಾಯದ ಮುಖಂಡ ಫ್ರಾಂಕೊನ ಪಡೆ ಅಲ್ಲಿಗೆ ಬಂದಿರಲಿಲ್ಲ. ಆ ಕಡೆ ಮೊದಲ ತಿಂಗಳುಗಳಲ್ಲಿ ಕೊಲೆಯಾದವರಲ್ಲಿ ಪಾದ್ರಿಗಳೇ ಬಹಳ ಮಂದಿ. ಹತ್ತಿರದ ಬರ್ಬಾಸ್ತ್ರೊದ ಬಿಷಪ್‌ರನ್ನೇ ಕೊಂದರು. ಇಡೀ ದೇಶದಲ್ಲಿ ಗಣರಾಜ್ಯದ ಭಾಗದಲ್ಲಿ ಸುಮಾರು 6,800 ಪಾದ್ರಿಗಳು, ಸನ್ಯಾಸಿಗಳು, ಸನ್ಯಾಸಿನಿಯರು ಹತರಾದರು. ಸೆಂದೇರ್ ಇದನ್ನು ಅರಿಯದವರಲ್ಲ. ಅದು ಅವರದೇ ನೆಲ.

ಹಾಗಿದ್ದರೆ ಕಾದಂಬರಿಯಲ್ಲಿ ನಡೆಯುವುದು ಎಲ್ಲಿಯದು? ಯುದ್ಧವಿಲ್ಲದ ಊರು, ಹೊರಗಿನಿಂದ ಬಂದ ಕೊಲೆಗಾರರು, ಒಳಗಿನ ಸಿರಿವಂತರ ಬೆಂಬಲ, ರಾತ್ರಿಯ ಸ್ಮಶಾನದ ಗೋಡೆ. ಇದು ಸಮೋರಾ. ಸೆಂದೇರ್ ಸಮೋರಾವನ್ನು ಎತ್ತಿ ತಂದು ತಮ್ಮ ಬಾಲ್ಯದ ಹಳ್ಳಿಯಲ್ಲಿಟ್ಟರು. ಅವರು ಕಣ್ಣಾರೆ ಕಾಣದ ಸಾವನ್ನು ಬರೆಯಲು ಅವರಿಗೆ ತಾವು ಕಣ್ಣುಮುಚ್ಚಿ ನಡೆಯಬಲ್ಲ ಊರು ಬೇಕಿತ್ತು. ಇತಿಹಾಸದ ಲೆಕ್ಕದಲ್ಲಿ ಇದು ಸರಿಹೊಂದದ ಭೂಗೋಳ. ಕಾದಂಬರಿಯ ಸತ್ಯಕ್ಕೆ ಅದು ಅನಿವಾರ್ಯವಾಗಿತ್ತು.

ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಅಂಪಾರೊ ಅವರಿಗಾಗಿ ಬರೆಯುವುದಾದರೆ ಕೊಲೆಯಾದ ಹೆಂಗಸಿನ ಕಥೆ ಬರೆಯಬಹುದಿತ್ತು. ಅವಳ ಗಂಡನ ಕಥೆ ಬರೆಯಬಹುದಿತ್ತು. ಸೆಂದೇರ್ ಆರಿಸಿಕೊಂಡದ್ದು ಪ್ರೀತಿಸಿದವನನ್ನು ಸಾವಿಗೆ ಒಪ್ಪಿಸಿದ ಮುದುಕನ ಮನಸ್ಸನ್ನು. ಆ ಮುದುಕ ದುಷ್ಟನಲ್ಲ. ಒಂದು ಮಾತನ್ನು ನಂಬಿದವನು. ವಿಚಾರಣೆ ನಡೆಯುತ್ತದೆ, ಜೀವ ಉಳಿಯುತ್ತದೆ ಎಂದು ನಂಬಿ ಪಾಕೊನನ್ನು ಹೊರಗೆ ಕರೆದವನು. ತವರು ಕ್ಷೇಮ ಎಂದು ನಂಬಿ ಹೆಂಡತಿ ಮಕ್ಕಳನ್ನು ಸಮೋರಾದ ಕಡೆ ಹೋಗಗೊಟ್ಟು ತಾನು ಬೆಟ್ಟ ಹತ್ತಿದ ಗಂಡನಿಗೆ ಈ ಪಾದ್ರಿಯ ರಾತ್ರಿಗಳು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ. ಪಾದ್ರಿಯ ಹೇಡಿತನ, ಅಧಿಕಾರದ ಮುಂದೆ ಅವನ ಬಾಗುವಿಕೆ ಸೆಂದೇರ್ ಅವರದಲ್ಲ. ಆ ಅಪರಾಧವನ್ನು ಅವರು ಚರ್ಚಿನ ಮೇಲೆಯೇ ಹೊರಿಸುತ್ತಾರೆ, ಹೊರಿಸಬೇಕಾದ್ದೂ ಹೌದು: 1937ರ ಜುಲೈಯಲ್ಲಿ ಸ್ಪೇನಿನ ಬಿಷಪ್ಪರು ಸಾಮೂಹಿಕ ಪತ್ರ ಬರೆದು ಫ್ರಾಂಕೊ ಪಕ್ಷಕ್ಕೆ ಬೆಂಬಲ ಸಾರಿದ್ದರು. ಆದರೆ ಗಡಿಯಾರ, ಕರವಸ್ತ್ರಗಳನ್ನು ಇಟ್ಟುಕೊಂಡು ಕೊಡಲಾಗದೆ ಕೂತವನ ಸಂಕಟ ಆಪಾದನೆ ಮಾಡುವವನಿಗೆ ಹೊಳೆಯುವಂಥದ್ದಲ್ಲ. ಅದು ಉಳಿದವನಿಗೆ ಮಾತ್ರ ತಿಳಿಯುವಂಥದ್ದು. ಈ ಕಾದಂಬರಿಯಲ್ಲಿ ಒಬ್ಬರ ಮೇಲೂ ಕೂಗಾಟವಿಲ್ಲದಿರುವುದಕ್ಕೆ, ವಾಕ್ಯಗಳು ಇಷ್ಟು ಚಿಕ್ಕವೂ ತಣ್ಣನೆಯವೂ ಆಗಿರುವುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ.

ಲಾವಣಿಯ ಬಗ್ಗೆ ಒಂದು ಮಾತು. ಹುಡುಗ ಹಾಡುವ ಲಾವಣಿಯಲ್ಲಿ ಕೆಲವು ಸಂಗತಿಗಳು ಸರಿಯಿಲ್ಲ; ಪಾದ್ರಿಗೆ ಅದು ಗೊತ್ತು. ಆದರೂ ಊರು ತನ್ನ ತೀರ್ಪನ್ನು ಆ ಹಾಡಿನಲ್ಲಿ ಕೊಟ್ಟಾಗಿದೆ. ಇಗರ್ಜಿಗೆ ಬಾರದೆ ಇರುವುದೂ ಅದೇ ತೀರ್ಪಿನ ಇನ್ನೊಂದು ಭಾಗ. ಬಾಯಿ ಕಟ್ಟಿದ ಜನರಿಗೆ ಉಳಿದ ದಾರಿಗಳು ಇವೆರಡೇ: ಹಾಡುವುದು, ಹೋಗದೆ ಉಳಿಯುವುದು. ಪೂಜೆ ಸಲ್ಲಿಸುವವನೂ, ಅದಕ್ಕೆ ಹಣ ಕೊಡಲು ಬಂದವರೂ ಆ ಖಾಲಿ ಬೆಂಚುಗಳ ಮುಂದೆ ತಾವೇ ಬಯಲಾಗುತ್ತಾರೆ. ಪ್ರತಿರೋಧವನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ತೋರಿಸಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.

ಸೆಂದೇರ್ ಅವರ ಇನ್ನೊಂದು ದೊಡ್ಡ ಕೆಲಸ ‘ಕ್ರೋನಿಕಾ ದೆಲ್ ಆಲ್ಬಾ’, ಬೆಳಗಿನ ಜಾವದ ವೃತ್ತಾಂತ. 1942ರಲ್ಲಿ ಶುರುವಾಗಿ ಒಂಬತ್ತು ಪುಸ್ತಕಗಳಾಗಿ ಬೆಳೆಯಿತು. ಬಾಲ್ಯದ, ಮೊದಲ ಪ್ರೀತಿಯ ಚೆಲುವಾದ ಪುಟಗಳು ಅದರ ಆರಂಭದಲ್ಲಿವೆ. ಆದರೆ ಆ ನೆನಪುಗಳನ್ನು ಬರೆಯುವವನು ಯಾರು? ಯುದ್ಧ ಸೋತು ಫ್ರಾನ್ಸಿಗೆ ದಾಟಿದ ನಿರಾಶ್ರಿತರನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿದ ಅರ್ಜೆಲೆಸ್ ಶಿಬಿರದಲ್ಲಿ ಸಾಯುತ್ತಿರುವ ಹೋಸೆ ಗಾರ್ಸೆಸ್ ಎಂಬ ಅಧಿಕಾರಿ. ಲೇಖಕರ ಪೂರ್ತಿ ಹೆಸರು ರಾಮೋನ್ ಹೋಸೆ ಸೆಂದೇರ್ ಗಾರ್ಸೆಸ್. ತನ್ನ ನಡುವಿನ ಹೆಸರನ್ನೂ ತಾಯಿಯ ಮನೆತನದ ಹೆಸರನ್ನೂ ಆ ಸಾಯುವವನಿಗೆ ಕೊಟ್ಟು, ಉಳಿದರ್ಧವನ್ನು ಹೊತ್ತುಕೊಂಡು ಅವರು ಅಮೆರಿಕದಲ್ಲಿ ಬದುಕಿದರು.

ಅವರ ಕೊನೆಯ ವರ್ಷಗಳ ಬರಹದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಬಹಳ ಬರೆದರು, ಬಹಳ ಬೇಗ ಬರೆದರು. ಅದರಲ್ಲಿ ಕೈಬಿಡಬಹುದಾದ್ದು ಸಾಕಷ್ಟಿದೆ. ಅಮೆಜಾನ್ ಕಾಡಿನಲ್ಲಿ ದಂಗೆಯೆದ್ದ ಕ್ರೂರಿ ಲೋಪೆ ದೆ ಅಗಿರ್ರೆ ಬಗ್ಗೆ 1964ರಲ್ಲಿ ಬಂದ ಕಾದಂಬರಿ ಮಾತ್ರ ಖಂಡಿತ ಉಳಿಯುವಂಥದ್ದು. ಫ್ರಾಂಕೊ ಆಳ್ವಿಕೆಯಲ್ಲಿ ಅವರ ಪುಸ್ತಕಗಳು ದಶಕಗಟ್ಟಲೆ ಸ್ಪೇನಿನೊಳಗೆ ಬರಲಿಲ್ಲ. 1960ರ ದಶಕದ ನಡುವಿನಿಂದ ಒಂದೊಂದಾಗಿ ಬಂದವು. 1974ರಲ್ಲಿ, ಫ್ರಾಂಕೊ ಇನ್ನೂ ಬದುಕಿದ್ದಾಗಲೇ, ಸೆಂದೇರ್ ಮೊದಲ ಸಲ ತಾಯ್ನಾಡಿಗೆ ಹೋಗಿಬಂದರು. ‘ರೆಕ್ವಿಯೆಮ್’ ಸ್ಪೇನಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ಅಂದಿನಿಂದ ಅಲ್ಲಿನ ಶಾಲಾ ಮಕ್ಕಳು ಓದುವ ಪುಸ್ತಕವಾಗಿ ಅದು ಬೆಳೆಯಿತು. 1985ರಲ್ಲಿ ಚಲನಚಿತ್ರವಾದಾಗ ಪಾಕೊನ ಪಾತ್ರ ಮಾಡಿದವರು ಆಗಿನ್ನೂ ಎಳೆಯರಾಗಿದ್ದ ಆಂತೋನಿಯೊ ಬಾಂದೇರಾಸ್. 1982ರ ಜನವರಿ 16ರಂದು ಸೆಂದೇರ್ ಸ್ಯಾನ್ ಡಿಯಾಗೊದಲ್ಲಿ ತೀರಿಕೊಂಡರು.

ಅಂಪಾರೊ ಅವರ ಬಗ್ಗೆ ತಂದೆ ಮಕ್ಕಳಿಗೆ ಹೇಳಿದ್ದು ಬಹಳ ಕಡಿಮೆ. ಮಗ ರಾಮೋನ್ ಸೆಂದೇರ್ ಬಾರಾಯೋನ್ ಸಂಗೀತಗಾರರಾಗಿ ಬೆಳೆದವರು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿದ್ಯುನ್ಮಾನ ಸಂಗೀತದ ಕೇಂದ್ರವೊಂದನ್ನು ಕಟ್ಟಿದವರಲ್ಲಿ ಒಬ್ಬರು. ತಂದೆ ಸತ್ತ ಮೇಲೆ ಅವರು ಸಮೋರಾಕ್ಕೆ ಹೋದರು. ಬಂಧುಗಳನ್ನು, ತಾಯಿಯ ಜೊತೆ ಸೆರೆಯಲ್ಲಿದ್ದ ಹೆಂಗಸರನ್ನು ಹುಡುಕಿ ಮಾತನಾಡಿಸಿದರು. ಅರ್ಧ ಶತಮಾನ ಯಾರೂ ಕೇಳದಿದ್ದುದನ್ನು ಅವರು ಈ ಮಗನಿಗೆ ಹೇಳಿದರು. 1989ರಲ್ಲಿ ಅದು ‘ಸಮೋರಾದಲ್ಲೊಂದು ಸಾವು’ ಎಂಬ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕವಾಗಿ ಬಂತು. ಅಂಪಾರೊ ಅವರ ಮದುವೆ ಇಗರ್ಜಿಯಲ್ಲಿ ಆಗಿರದೆ ಬರಿ ಸರ್ಕಾರಿ ನೋಂದಣಿಯ ಮದುವೆಯಾಗಿದ್ದರಿಂದ, ಕೊನೆಯ ರಾತ್ರಿ ಪಾದ್ರಿ ಅವರಿಗೆ ಪಾಪಕ್ಷಮೆ ನಿರಾಕರಿಸಿದ ಎಂದು ಸಾಕ್ಷ್ಯಗಳು ಹೇಳುತ್ತವೆ. ಕಾದಂಬರಿಯ ಮುದಿ ಪಾದ್ರಿ ಅಷ್ಟನ್ನಾದರೂ ಕೊಡುತ್ತಾನೆ: ನಡುಗುವ ಕೈಯೆತ್ತಿ ಮೂವರಿಗೂ ಕ್ಷಮೆಯ ಮಾತು ಹೇಳುತ್ತಾನೆ.

ತಂದೆಯ ಪುಸ್ತಕ ಒಂದು ಸಂಜೆಗೆ ಓದಿ ಮುಗಿಯುವಂಥದ್ದು. ಮಗನದನ್ನು ನಡುನಡುವೆ ಮುಚ್ಚಿಟ್ಟು ಓದಬೇಕಾಗುತ್ತದೆ. ಎರಡನ್ನೂ, ಅದೇ ಅನುಕ್ರಮದಲ್ಲಿ, ದಯವಿಟ್ಟು ಓದಿ ಎಂದು ಇಲ್ಲಿರುವ ವಿದ್ಯಾರ್ಥಿಗಳನ್ನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ.